ಸಪ್ತಾಪುರದ ಲೈನಿಗೆ ಪಾಳಿ

ಸಪ್ತಾಪುರ, ಧಾರವಾಡ
ಶನಿವಾರ

ಶಿವಯೋಗೀಶ ಕಾಕಾ ಅವರಿಗೆ ದುರಗೇಶನ ನಮಸ್ಕಾರ.

ಸೋಮವಾರ ನೀವು ನನ್ನನ್ನು ನಿಮ್ಮ ಕೇಬಲ್ ಅಂಗಡಿಯ ಕೆಲಸದಿಂದ ತೆಗೆದಿರಿ. ಇಂಟರ್‌ನೆಟ್ ನಿಧಾನವಾದರೆ "ಮ್ಯಾಲಿಂದನ ಪ್ರಾಬ್ಲಮ್ ಐತ್ರಿ" ಎನ್ನಬೇಕೆಂಬುದು ನಿಮ್ಮ ಅಪ್ಪಣೆ. ನಾನು ಗಿರಾಕಿಗಳಿಗೆ, "ಒಂದ ಕೇಬಲ್‌ನ್ಯಾಗ ನಲವತ್ತು ಮನಿಗೆ ಕೊಡೂದಿತ್ತು, ಎಂಬತ್ತಕ್ಕ ಕೊಟ್ಟೇವ್ರಿ. ಸಂಜೀಕ ಎಲ್ಲಾರೂ ಕುಂತ್ರ ಜಗ್ಗೂದಿಲ್ಲ" ಎಂದುಬಿಟ್ಟೆ.

"ಒಂಬತ್ತನೇ ಕ್ಲಾಸಿಗೆ ಸಾಲಿ ಬಿಟ್ಟಾಂವ ನನಗ ಧಂದೆ ಕಲಸ್ತಿ?" ಎಂದಿರಿ.

ಮರುದಿನ, ನಾಲ್ಕು ರೂಮು ಬಾಡಿಗೆಗೆ ಕೊಟ್ಟಿರುವ ದೇವಕ್ಕ ನನ್ನನ್ನು ಕರೆದರು. "ಅಂದ್ರ ನಳದ ನೀರು ಇದ್ದಂಗ ಹೌದಲ್ಲೋ? ಎಲ್ಲಾರೂ ಒಮ್ಮೆ ತಿರುವಿದ್ರ ಯಾರಿಗೂ ಬರೂದಿಲ್ಲ. ಇದನ್ನ ಮೊದ್ಲ ಹೇಳಾಕ ಏನ್ ಧಾಡಿ ನಿಮಗ?"

ಅವರೇ ಮನೆಮನೆಗೆ ಹೋಗಿ ಪಾಳಿ ಹಚ್ಚಿದರು. ರೂಮಿನ ಹುಡುಗರು ಸಿನಿಮಾ ಇಳಿಸಿಕೊಳ್ಳುವುದು ಮುಂಜಾನೆ. ಸಂಜೆಯ ಲೈನು ಓದುವವರಿಗೆ, ಅರ್ಜಿ ತುಂಬುವವರಿಗೆ. ನಿನ್ನೆ ಸಂಜೆ ಏಳಕ್ಕೆ ಲೈನು ಕುದುರೆಯಂತೆ ಓಡಿತು ಕಾಕಾ! ಕನೆಕ್ಷನ್ ಬಿಡುತ್ತೇವೆಂದಿದ್ದ ಹನ್ನೊಂದು ಮನೆಯವರೂ ಉಳಿದರು. ಪಕ್ಕದ ಓಣಿಯವರು ನಮ್ಮ ಕನೆಕ್ಷನ್ ಕೇಳಿದರು. ಎರಡನೆಯ ಕೇಬಲ್ ಬರುವವರೆಗೆ ಕೊಡುವುದಿಲ್ಲ ಎಂದೆ. ಕಾಯುತ್ತೇವೆ ಎಂದರು. ನಿಧಾನ ಎಂದು ನಾವೇ ಒಪ್ಪಿಕೊಂಡ ಲೈನಿಗೆ ಜನ ಕಾಯುತ್ತಿದ್ದಾರೆ!

ದಯವಿಟ್ಟು ಸೋಮವಾರ ಕೇಬಲ್ ಮತ್ತು ಉದ್ದನೆಯ ಏಣಿ ಕಳಿಸಿರಿ.

ಇನ್ನೊಂದು ಮಾತು. ನನ್ನನ್ನು ಕೆಲಸದಿಂದ ತೆಗೆದಿದ್ದೀರಾ ಎಂದು ದೇವಕ್ಕ ಕೇಳಿದರು. ಹೌದು ಎಂದೆ. ನಾಳೆ ಮುಂಜಾನೆ ಅವರು ನಿಮ್ಮ ಅಂಗಡಿಗೆ ಬರುತ್ತಾರೆ, ಓಣಿಯವರನ್ನೆಲ್ಲ ಕರೆದುಕೊಂಡು. ಕುರ್ಚಿ ಹೊಂದಿಸಿಡಿರಿ.

ಇನ್ನೂ ನಿಮ್ಮ ಲೈನ್‌ಮನ್,
ದುರಗೇಶ