ಸೋರದ ದೋಣಿಗೆ ತೂತು ಹುಡುಕಿಸುತ್ತಿರುವವರಿಗೆ

ಬಂದರಿನ ದೋಣಿ ತಪಾಸಣಾ ಅಧಿಕಾರಿಗಳೇ,

ಮಾನ್ಯರೇ ಎಂದೇ ಕರೆಯುತ್ತೇನೆ. ಮಾನ ಎಂಬುದು ಈಗ ನಿಮ್ಮ ಪಾಲಿಗಷ್ಟೇ ಉಳಿದಿದೆ, ನನ್ನ ಪಾಲಿಗಲ್ಲ. ನನ್ನ ದೂರು ಇಷ್ಟೇ: ತಪ್ಪು ಮಾಡಿದವನು ನಾನು, ನೀವು ನನ್ನನ್ನು ನಿರ್ದೋಷಿ ಎಂದು ಬರೆದಿದ್ದೀರಿ. ಬರೆದು, ಮೊಹರು ಒತ್ತಿ, ನನ್ನ ಅಕ್ಕನ ಗಂಡನ ದೋಣಿಯನ್ನು ಸೋರುವ ದೋಣಿ ಎಂದು ದಡದ ಮೇಲೆ ಕೂರಿಸಿದ್ದೀರಿ. ಆ ದೋಣಿ ಸೋರುವುದಿಲ್ಲ, ಎಂದೂ ಸೋರಿಲ್ಲ. ಅದನ್ನು ಖಂಡಿತವಾಗಿ ಬಲ್ಲವನು ನಾನೊಬ್ಬನೇ, ಮತ್ತು ನಾನು ಎರಡು ತಿಂಗಳು ಬಾಯಿ ಮುಚ್ಚಿಕೊಂಡಿದ್ದೆ.

ನನ್ನ ಕಸುಬು ನಿಮ್ಮ ಕಿಟಕಿಯಿಂದಲೇ ಕಂಡಿರಬಹುದು. ನನ್ನದೊಂದು ಮಧ್ಯಮ ಗಾತ್ರದ ಟ್ರಕ್ಕು. ಮಧ್ಯಮ ಎನ್ನುವುದು ನನ್ನ ಮಾತು, ಬಂದರಿನವರು ಅದನ್ನು ಬೆಂಕಿಪೊಟ್ಟಣ ಎನ್ನುತ್ತಾರೆ. ದುರಸ್ತಿಗೋ ಬಣ್ಣಕ್ಕೋ ಬರುವ ಮೀನುದೋಣಿಗಳನ್ನು ಚಕ್ರದ ಗಾಡಿಯ ಮೇಲೆ ಕೂರಿಸಿ, ಟ್ರಕ್ಕಿನ ಹಿಂದೆ ಕಟ್ಟಿ, ನೀರಿನಿಂದ ಇಳಿಜಾರು ಹತ್ತಿಸುವುದು ನನ್ನ ಕೆಲಸ. ಯಾವ ಪುಸ್ತಕದಲ್ಲೂ ಬರೆಯದ ಒಂದು ಕಟ್ಟಳೆ ನಮ್ಮಲ್ಲಿದೆ. ದೋಣಿಯ ನೆಲಹಲಗೆ ಎತ್ತಿ, ಅಡಿಯಲ್ಲಿ ನೀರು ನಿಂತಿದೆಯೇ ಎಂದು ನೋಡಬೇಕಾದವನು ದೋಣಿಯವನಲ್ಲ, ಎಳೆಯುವವನು. ನೀರಿದ್ದರೆ ಕೈಪಂಪಿನಿಂದ ಹೊರಹಾಕಿದ ಮೇಲೆಯೇ ಹಗ್ಗ ಬಿಗಿಯಬೇಕು. ಕಾಗದದಲ್ಲಿ ಬರೆದಿರುವ ತೂಕ ಒಣ ದೋಣಿಯದು. ಮಳೆನೀರು, ಮೀನು ತೊಳೆದ ನೀರು ಸೇರಿಕೊಂಡರೆ ನನ್ನಂಥ ಟ್ರಕ್ಕಿಗೆ ಅದು ಆನೆಭಾರ. ಎಳೆಯುವವನು ‘ನೋಡಿದೆ’ ಎಂದಮೇಲೆ ದೋಣಿಯವನು ಮತ್ತೆ ಕೇಳುವುದಿಲ್ಲ.

ಆ ದಿನ ಬೆಳಿಗ್ಗೆ ಎರಡು ದಿನದ ಮಳೆ ಆಗಷ್ಟೇ ಬಿಟ್ಟಿತ್ತು. ಭಾವನ ದೋಣಿಯನ್ನು ಬಣ್ಣಕ್ಕೆಂದು ಮೇಲೆತ್ತಬೇಕಿತ್ತು. ನನ್ನ ಹಿಂದೆ, ನನ್ನಂತೆಯೇ ದೋಣಿ ಎಳೆಯುವ ಟ್ರ್ಯಾಕ್ಟರಿನವನು ಹಾರನ್ ಒತ್ತುತ್ತಾ ನಿಂತಿದ್ದ. “ಏನಣ್ಣಾ, ಬೆಂಕಿಪೊಟ್ಟಣ ಎಳೆಯುತ್ತೋ, ಇಲ್ಲ ನಾನೇ ಕೈಹಾಕ್ಲೋ?” ಎಂದ. ನಾಲ್ಕು ಜನ ನಕ್ಕರು. ಇನ್ನು ಅರ್ಧ ಗಂಟೆ ಪಂಪು ಹೊಡೆಯುತ್ತಾ ಕೂತರೆ ನಲವತ್ತು ಜನ ನಗುತ್ತಾರೆ ಅನ್ನಿಸಿತು. ಭಾವ ಪಕ್ಕದಿಂದ “ಅಡಿ ನೋಡಿದ್ಯೇನಪ್ಪಾ?” ಎಂದು ಕೇಳಿದರು. “ನೋಡ್ದೆ ಭಾವ, ಒಣಗಿದೆ” ಎಂದೆ. ಹಲಗೆಯನ್ನು ನಾನು ಮುಟ್ಟಿಯೂ ಇರಲಿಲ್ಲ. ಇಳಿಜಾರಿನ ಅರ್ಧಕ್ಕೆ ಬರುವಷ್ಟರಲ್ಲಿ ಚಕ್ರಗಳು ಪಾಚಿಯ ಮೇಲೆ ಗರಗರ ತಿರುಗಿದವು, ಬ್ರೇಕು ಹಿಡಿಯಲಿಲ್ಲ, ದೋಣಿ ಟ್ರಕ್ಕನ್ನೂ ಕರೆದುಕೊಂಡು ನೀರಿಗೆ ವಾಪಸು ಹೊರಟಿತು. ಭಾವ ಪಕ್ಕಕ್ಕೆ ಹಾರದಿದ್ದರೆ ಈ ಪತ್ರದ ವಿಷಯವೇ ಬೇರೆ ಇರುತ್ತಿತ್ತು. ದೋಣಿ ತೇಲಿತು, ಟ್ರಕ್ಕು ಮುಳುಗಿತು. ಎರಡನ್ನೂ ಅರ್ಧ ಗಂಟೆಯಲ್ಲಿ ಆ ಟ್ರ್ಯಾಕ್ಟರಿನವನೇ ದಡಕ್ಕೆ ಎಳೆದುಹಾಕಿದ. ಆಗ ನೆಲಹಲಗೆ ಎತ್ತಿದರೆ ಅಡಿಯಲ್ಲಿ ಮೊಣಕಾಲುದ್ದ ನೀರು.

ನಿಮ್ಮ ತನಿಖೆ ನಡೆದದ್ದು ನಿಮ್ಮ ಕುರ್ಚಿಯಲ್ಲಿ. ಇಳಿಜಾರು ಅಲ್ಲಿಂದ ಐವತ್ತು ಹೆಜ್ಜೆ. ಅಷ್ಟು ದೂರ ಸರ್ಕಾರಿ ಪಾದಗಳನ್ನು ಸವೆಸುವುದು ನ್ಯಾಯವೇ? ಕಾಗದ ನೋಡಿದಿರಿ. ಟ್ರಕ್ಕಿನ ಸಾಮರ್ಥ್ಯ ಸರಿ, ದೋಣಿಯ ತೂಕ ಸರಿ. “ಎಳೆಯೋ ಮುಂಚೆ ಒಣಗಿತ್ತಾ?” ಎಂದು ಕೇಳಿದಿರಿ. ನಾನು ಬಾಯಿ ತೆರೆಯುವ ಮೊದಲೇ ಭಾವ, “ಒಣಗಿತ್ತು ಸ್ವಾಮಿ. ಇವ್ನು ನೋಡ್ದೆ ಅಂದ್ರೆ ನೋಡ್ದ ಅಂತಾನೇ ಅರ್ಥ” ಎಂದರು. ನಾನು ನಿಮ್ಮ ಮೇಜಿನ ಕಾಲು ನೋಡುತ್ತಾ ನಿಂತೆ. ಒಣಗಿದ್ದ ದೋಣಿಗೆ ಅರ್ಧ ಗಂಟೆಯಲ್ಲಿ ಅಷ್ಟು ನೀರು ಬಂದರೆ ತೂತು ಇರಲೇಬೇಕು ಎಂದು ನೀವು ತೀರ್ಮಾನಿಸಿದಿರಿ. ಮಳೆ ಬಂದಿತ್ತೇ ಎಂದು ಬರೆಯಲು ನಿಮ್ಮ ನಮೂನೆಯಲ್ಲಿ ಜಾಗವಿರಲಿಲ್ಲ. ನಿಮ್ಮ ವರದಿ ಹೀಗಿತ್ತು: “ಸೋರಿಕೆಯನ್ನು ಪತ್ತೆಹಚ್ಚಿ, ಮುಚ್ಚಿ, ಬಡಗಿಯ ಪ್ರಮಾಣಪತ್ರ ಹಾಜರುಪಡಿಸುವವರೆಗೆ ದೋಣಿಯನ್ನು ನೀರಿಗಿಳಿಸತಕ್ಕದ್ದಲ್ಲ. ಟ್ರಕ್ಕಿನ ಚಾಲಕರಿಂದ ಯಾವುದೇ ಲೋಪವಾಗಿಲ್ಲ.” ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಇಲ್ಲಿ ಎತ್ತು ಪಕ್ಕದಲ್ಲೇ ನಿಂತು ನೋಡುತ್ತಿತ್ತು.

ಇಲ್ಲದ ತೂತನ್ನು ಮುಚ್ಚುವ ವಿದ್ಯೆ ತಮಗೇನಾದರೂ ಗೊತ್ತಿದೆಯೇ? ದೋಣಿ ಈಗ ಅಕ್ಕನ ಮನೆಯ ಹಿಂದೆ ದಿಮ್ಮಿಗಳ ಮೇಲಿದೆ. ಭಾವ ಅದರೊಳಗೆ ನೀರು ತುಂಬಿಸಿ ನೋಡಿದರು. ಒಂದು ಹನಿ ಹೊರಬರಲಿಲ್ಲ. “ನೆಲದ ಮೇಲೆ ಬಿಗಿಯಾಗೇ ಇರುತ್ತೆ, ನೀರಿಗಿಳಿದ್ಮೇಲೆ ತಾನೇ ಬಾಯಿ ಬಿಡೋದು” ಎಂದರು. ತಮ್ಮ ಕಣ್ಣಿಗಿಂತ ನನ್ನ ಮಾತಿನ ಮೇಲೆ ಅವರಿಗೆ ನಂಬಿಕೆ. ಬಡಗಿ ಬಂದು ತಟ್ಟಿ, ಕುಟ್ಟಿ, “ಇಲ್ಲದ ತೂತು ಮುಚ್ಚಿದೀನಿ ಅಂತ ನಾನು ಹೇಗೆ ಬರ್ಕೊಡ್ಲಿ?” ಎಂದು ಹೊರಟುಹೋದ. ಆಮೇಲೆ ಭಾವ ತಾವೇ ಹಲಗೆ ಕೀಳತೊಡಗಿದರು. ಹಗಲೆಲ್ಲ ಬೇರೆಯವರ ದೋಣಿಯಲ್ಲಿ ಬಲೆ ಎಳೆಯುವ ಕೂಲಿ, ಸಂಜೆ ಸ್ವಂತ ದೋಣಿಯ ಹಲಗೆ ಕೀಳುವುದು. ಅವರೇ ಕೈಯಾರೆ ಕೂರಿಸಿದ್ದ ಗಟ್ಟಿ ಹಲಗೆಗಳು, ಆರು ಕಿತ್ತಾಗಿದೆ. ನಾನು ದಿನಾ ಹೋಗಿ ಮೊಳೆ ಆರಿಸಿಕೊಡುತ್ತಿದ್ದೆ. ಅಕ್ಕ ಬಡಿಸಿದ ಊಟ ತಿನ್ನಲು ನಾಚಿಕೆಯಾಗುತ್ತಿತ್ತು. ಆದರೂ ತಿನ್ನುತ್ತಿದ್ದೆ, ತಿನ್ನದಿದ್ದರೆ ಯಾಕೆ ಅಂತ ಕೇಳುತ್ತಾಳಲ್ಲ.

ಕಡೆಗೆ ನಿಮ್ಮ ಕಚೇರಿಗೆ ಬಂದೆ, ಒಂದಲ್ಲ ಮೂರು ಸಲ. “ಯಾರ ಮೇಲ್ರೀ ದೂರು?” ಎಂದರು ನಿಮ್ಮ ಗುಮಾಸ್ತರು. “ನನ್ನ ಮೇಲೇ” ಎಂದೆ. “ತಮ್ಮ ಮೇಲೆ ತಾವೇ ದೂರು ಕೊಡೋಕೆ ನಮೂನೆ ಇಲ್ಲ ಕಣ್ರೀ. ನಿಮ್ದು ಮುಗಿದ ಫೈಲು. ಮನೆಗೆ ಹೋಗಿ ಆರಾಮಾಗಿರಿ.” ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಕುಂಬಳಕಾಯಿಯನ್ನೇ ಹೊತ್ತು ತಂದು ನಿಮ್ಮ ಮೇಜಿನ ಮೇಲಿಟ್ಟರೂ ಯಾರೂ ತಿರುಗಿ ನೋಡಲಿಲ್ಲ.

ಭಾವನಿಗೇ ಹೇಳಬಹುದಿತ್ತಲ್ಲ ಎಂದು ಓದುವವರು ಕೇಳಬಹುದು. ಮೊನ್ನೆ ಹೇಳಿದೆ. ಅವರು ಏಳನೆಯ ಹಲಗೆಗೆ ಉಳಿ ಇಟ್ಟಿದ್ದರು. “ಭಾವ, ಅವತ್ತು ನಾನು ಅಡಿ ನೋಡ್ಲೇ ಇಲ್ಲ. ಸುಳ್ಳು ಹೇಳ್ದೆ. ಅದು ಮಳೆನೀರು” ಎಂದೆ. ಅವರು ನಕ್ಕುಬಿಟ್ಟರು. “ನನ್ನ ಸಂಕಟ ನೋಡ್ಲಾರದೆ ತಪ್ಪು ಮೈಮೇಲೆ ಹಾಕ್ಕೋತಿದ್ದೀಯ. ಸರ್ಕಾರದೋರು ಸುಮ್ಸುಮ್ನೆ ಮೊಹರು ಒತ್ತುತಾರಾ? ನೀನು ನಂಗೆ ಸುಳ್ಳು ಹೇಳೋನಲ್ಲ, ನಂಗೊತ್ತಿಲ್ವಾ?” ಎಂದು ಬೆನ್ನು ತಟ್ಟಿದರು. ಹಿತ್ತಿಲ ಮೆಟ್ಟಿಲ ಮೇಲೆ ಕೂತು ಕೇಳುತ್ತಿದ್ದ ಅಕ್ಕ ಮಾತ್ರ ನಂಬಿದಳು. ನನ್ನನ್ನು ಎತ್ತಿ ಆಡಿಸಿದವಳಿಗೆ ನನ್ನ ಮುಖ ಗೊತ್ತು. ಎದ್ದು ಒಳಗೆ ಹೋದಳು.

ಆದ್ದರಿಂದ ಕೇಳುತ್ತಿದ್ದೇನೆ. ಆ ವರದಿಯನ್ನು ರದ್ದುಮಾಡಿ. ದೋಣಿ ಸೋರುವುದಿಲ್ಲ, ಲೋಪ ಟ್ರಕ್ಕಿನವನದು ಎಂದು ಹೊಸದಾಗಿ ಬರೆದು ಅದೇ ಮೊಹರು ಒತ್ತಿ. ದೋಣಿ ಎಳೆಯುವ ನನ್ನ ಪರವಾನಗಿ ಕಿತ್ತುಕೊಳ್ಳಿ, ನಾನು ಮೇಲ್ಮನವಿ ಹಾಕುವುದಿಲ್ಲ. ಆದರೆ ಆ ಕಾಗದವನ್ನು ಅಂಚೆಗೆ ಹಾಕಬೇಡಿ. ನೀವೇ ಕುರ್ಚಿ ಬಿಟ್ಟು ಬಂದು ಭಾವನ ಮುಂದೆ ಗಟ್ಟಿಯಾಗಿ ಓದಿ. ನಾನು ಎದುರಿಗೇ ನಿಂತಿರುತ್ತೇನೆ. ನಾನು ಸುಳ್ಳುಗಾರ ಎಂದು ನಾನೇ ಹೇಳಿದರೆ ಅವರು ನಂಬುವುದಿಲ್ಲ, ನೀವು ಹೇಳಿದರೆ ನಂಬುತ್ತಾರೆ. ಬೇಗ ಬನ್ನಿ. ಕಿತ್ತ ಹಲಗೆಗಳನ್ನು ಹೇಗೋ ಮತ್ತೆ ಕೂರಿಸಬಹುದು. ಈ ವಾರ ಅವರು ನಡುತಳದ ದಪ್ಪ ಹಲಗೆಗೆ ಕೈಹಾಕುತ್ತಾರೆ. ಅದು ಹೋದರೆ ದೋಣಿ ಮತ್ತೆ ದೋಣಿಯಾಗುವುದಿಲ್ಲ. ಆ ದಿನ ನಿಮ್ಮ ವರದಿ ನಿಜವಾಗುತ್ತದೆ.

ಇಂತಿ,
ನಿಮ್ಮ ಕಡತದಲ್ಲಿ ಮಾತ್ರ ನಿರ್ದೋಷಿಯಾಗಿರುವ
ಒಬ್ಬ ಟ್ರಕ್ಕಿನವನು