ಕಂಚುಗಡದ ಮೊದಲ ಸಂಪುಟ ಹಿಡಿದು ನಿಂತವಳಿಗೆ

ಫೆಬ್ರವರಿ ೩೧, ೨೨೪೮
ತೇಲೂರು, ಕಾರವಾರದ ಎದುರಿನ ಸಮುದ್ರ

ಹಿರಿಯಜ್ಜಿ ಮೇದಿನಿಯವರಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತೊಂದು ದಿನ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಒಂದೇ ಪುಸ್ತಕಮಾಲೆಯಿಂದ. ಅದರ ಮೊದಲ ಸಂಪುಟ ಈಗ ನಿಮ್ಮ ಕೈಯಲ್ಲಿದೆ.

ನಿಮಗೀಗ ಇಪ್ಪತ್ಮೂರು. ‘ಕಂಚುಗಡದ ವೃತ್ತಾಂತ’ ಹದಿನಾಲ್ಕು ಸಂಪುಟ, ಒಂದೊಂದೂ ಒಂಬೈನೂರು ಪುಟ. ಶುರು ಮಾಡಲೋ ಬೇಡವೋ ಎಂದು ಪುಸ್ತಕದಂಗಡಿಯಲ್ಲಿ ಒಂದು ಗಂಟೆ ನಿಂತಿದ್ದಿರಂತೆ. ಮನೆಯಲ್ಲಿ ಇದನ್ನು ಭಕ್ತಿಯಿಂದ ಹೇಳುತ್ತಾರೆ. ಆ ಗಂಟೆಯೊಳಗೇ ತಲುಪಲಿ ಎಂದು ಈ ಹಾಳೆಯನ್ನು ಕಾಲದಂಚೆಗೆ ಹಾಕಿದ್ದೇನೆ. ಹಿಂದಿನವರಿಗೆ ಕಾಗದ ಮುಟ್ಟಿಸುವ ಕಚೇರಿ ಅದು. ಒಬ್ಬರಿಗೆ ಜೀವಮಾನಕ್ಕೆ ಒಂದೇ ಹಾಳೆ. ನೆರೆಮನೆಯವರು ತಮ್ಮ ಹಾಳೆಯಲ್ಲಿ ಮುತ್ತಜ್ಜನ ಆರೋಗ್ಯಕ್ಕೆ ಎಚ್ಚರಿಕೆ ಬರೆದರು. ನಾನು ನನ್ನದನ್ನು ನಿಮ್ಮನ್ನು ಬೈಯಲು ಇಟ್ಟುಕೊಂಡಿದ್ದೆ.

ಇನ್ನು ಬಹುವಚನ ಸಾಕು. ನನಗೆ ನಲವತ್ತೊಂಬತ್ತು, ನನ್ನ ಅರ್ಧ ವಯಸ್ಸೂ ನಿನಗಾಗಿಲ್ಲ.

ಆ ಗಂಟೆ ಕಳೆದ ಮೇಲೆ ನೀನು ಪುಸ್ತಕ ಕೊಂಡೆ. ಅಷ್ಟೇ ಆಗಿದ್ದರೆ ನಿನ್ನ ಪಾಡು ನಿನಗೆ ಎಂದು ಸುಮ್ಮನಿರುತ್ತಿದ್ದೆ. ಆದರೆ ಎರಡನೆಯ ಸಂಪುಟಕ್ಕೇ ಕೈಚೆಲ್ಲಿದ ತಮ್ಮನನ್ನು ಹಂಗಿಸಲು ಮೊದಲ ಪುಟದಲ್ಲಿ ಬರೆದೆ: “ಈ ಮನೆಯಲ್ಲಿ ಹುಟ್ಟಿದವರು ಯಾರೂ ಇದನ್ನು ಅರ್ಧಕ್ಕೆ ಬಿಡುವಂತಿಲ್ಲ.” ಕೆಳಗೆ ರುಜು ಬೇರೆ. ನಿನಗದು ತಮಾಷೆ. ನಿನ್ನ ಮೊಮ್ಮಕ್ಕಳಿಗೆ ಅದು ಶಾಸನವಾಯಿತು. ಹದಿನಾರು ತುಂಬಿದವರ ಮಣಿಕಟ್ಟಿಗೆ ನಮ್ಮಲ್ಲಿ ಓದುದಾರ ಎಂಬ ಕೆಂಪು ನೂಲು ಕಟ್ಟುತ್ತಾರೆ. ಹದಿನಾಲ್ಕೂ ಮುಗಿಯುವವರೆಗೆ ಬಿಚ್ಚುವಂತಿಲ್ಲ. ದಾರವಿದ್ದವರು ಮದುವೆಯಾಗುವಂತಿಲ್ಲ, ಊರು ಬಿಡುವಂತಿಲ್ಲ. ಪುಟ ಹಾರಿಸಿದರೆ ಸಿಕ್ಕಿಬೀಳಲಿ ಎಂದು ಭಾನುವಾರ ಅತ್ತೆಯಂದಿರು ಪರೀಕ್ಷೆ ಮಾಡುತ್ತಾರೆ, ಐದನೆಯ ಸಂಪುಟದಲ್ಲಿ ರಾಣಿಯ ಕುದುರೆಗೆ ಯಾವ ಕಾಲು ಕುಂಟು ಎಂದೆಲ್ಲ. ಅಷ್ಟು ಹೊತ್ತಿಗೆ ಬೇರೆ ಮನೆಯ ಮಕ್ಕಳು ಪಾಚಿರೊಟ್ಟಿ, ಅಂದರೆ ಸಮುದ್ರದ ಪಾಚಿ ಒಣಗಿಸಿ ಬೀಸಿದ ಹಿಟ್ಟಿನ ರೊಟ್ಟಿ ತಿಂದು ಈಜಲು ಹೋಗಿರುತ್ತಾರೆ. ದಾರ ಕಿತ್ತೆಸೆದ ನನ್ನ ಅಣ್ಣನನ್ನು ಇಪ್ಪತ್ತು ವರ್ಷದಿಂದ ಮನೆಯಲ್ಲಿ ಯಾರೂ ಮಾತಾಡಿಸಿಲ್ಲ. ನಾನೂ ಮಾತಾಡಿಸಿಲ್ಲ.

ನನಗೆ ಆರು ವರ್ಷ ಹಿಡಿಯಿತು. ಹತ್ತನೆಯದನ್ನು ಓದುತ್ತಿದ್ದಾಗ ಅಮ್ಮ ಕೊನೆಯ ಹಾಸಿಗೆ ಹಿಡಿದಳು. ಹೋಗಿ ಕೈ ಹಿಡಿದುಕೊಂಡೆ. ಕಣ್ಣು ತೆರೆದು, “ಎಷ್ಟ್ನೇ ಪುಟಕ್ಕೆ ಬಂದ್ಯೇ, ಮಗಾ?” ಎಂದಳು. ಆಮೇಲೆ ಮಾತೇ ಇಲ್ಲ. ಮಗಳೊಬ್ಬಳಿಗೆ ಸಿಗಬೇಕಾದ ಕೊನೆಯ ಮಾತು ಅದಲ್ಲ. ಇದೊಂದನ್ನು ನಾನು ನಿನಗೆ ಎಂದೂ ಕ್ಷಮಿಸುವುದಿಲ್ಲ.

ನಾಡಿದ್ದು ನನ್ನ ಮಗಳು ತೆರೆಸಿರಿಗೆ ಹದಿನಾರು. ಹವಳ ನೆಡುವ ಹಡಗಿನಲ್ಲಿ ಅವಳಿಗೆ ಜಾಗ ಸಿಕ್ಕಿದೆ. ಮುಂದಿನ ವಾರ ಹೊರಡಬೇಕು. ಆ ಹಡಗು ಮತ್ತೆ ಈ ಕಡೆ ಬರುವುದು ಹನ್ನೆರಡು ವರ್ಷಕ್ಕೆ. ನಿನ್ನೆ ನನ್ನ ಬೆನ್ನಿಗೆ ಒರಗಿ ಕೂತು, “ಅಮಾ, ಕಡೀಗೆ ಏನಾಗ್ತದೆ ಅಷ್ಟ್ ಹೇಳ್ಬಿಡು. ಗೊತ್ತಾದ್ಮೇಲೆ ಯಾರಾದ್ರೂ ಓದ್ತಾರಾ?” ಎಂದಳು.

ಹುಡುಗಿ ಜಾಣೆ. ಆದರೆ ಅವಳಿಗೆ ಹೇಳಿದರೆ ದಾರ ತಪ್ಪದು. ಹೇಳಬೇಕಾದದ್ದು ನಿನಗೆ.

ಕೇಳು. ಮುಖವಾಡದ ಸವಾರ ಬೇರಾರೂ ಅಲ್ಲ, ರಾಣಿ ಹೇಮಲೆಯ ತಂಗಿ, ನಾಲ್ಕನೆಯದರಲ್ಲಿ ಗೊತ್ತಾಗುತ್ತದೆ. ಮಂತ್ರದ ಕತ್ತಿ ನಕಲಿ. ನಿನಗೆ ತುಂಬ ಇಷ್ಟವಾಗಲಿದ್ದ ಕಮ್ಮಾರ ತುಮುಲ ಒಂಬತ್ತನೆಯದರ ಮುನ್ನೂರ ಹನ್ನೆರಡನೆಯ ಪುಟದಲ್ಲಿ ಸಾಯುತ್ತಾನೆ. ನಾನು ಮೂರು ದಿನ ಅತ್ತಿದ್ದೆ. ನಿನಗೆ ಆ ಅಳುವೂ ಸಿಗದಿರಲಿ. ಹದಿನಾಲ್ಕನೆಯದರ ಕೊನೆಯ ಸಾಲಿನಲ್ಲಿ ಹೇಮಲೆ ಕಂಚುಗಡದ ಬಾಗಿಲು ತಟ್ಟುತ್ತಾಳೆ. ಹದಿನೈದನೆಯ ಸಂಪುಟ ಬರಲೇ ಇಲ್ಲ. ಇನ್ನೂರು ವರ್ಷದಿಂದ ಅವಳು ತಟ್ಟುತ್ತಲೇ ಇದ್ದಾಳೆ.

ಈಗ ಕೊಂಡು ಓದು, ನೋಡೋಣ.

ನಿನ್ನ ಕುಡಿ,
ನೇಸರಿ