ತಾರೀಖು ಇಲ್ಲದ ನಾಲ್ಕು ಮಾತ್ರೆಗಳು

ಮಾನ್ಯ ಔಷಧ ತಪಾಸಣಾಧಿಕಾರಿಗಳೇ,

ನನ್ನ ದೂರಿನ ಮೇಲೆ ‘ಅಪೂರ್ಣ’ ಎಂದು ಷರಾ ಬರೆದು ಎಂಟೇ ದಿನದಲ್ಲಿ ವಾಪಸು ಕಳಿಸಿದ್ದೀರಿ. ನಿಮ್ಮ ಕಚೇರಿ ಇಷ್ಟು ಚುರುಕೆಂದು ನನಗೆ ಗೊತ್ತಿರಲಿಲ್ಲ. ನಮ್ಮ ಬೀದಿಯ ಔಷಧದಂಗಡಿಯವರು ಮಾತ್ರೆಯ ಶೀಟನ್ನು ಕತ್ತರಿಸಿ ಕೊಡುವಾಗ ಅವಧಿ ಮುಗಿಯುವ ತಾರೀಖಿರುವ ತುದಿಯನ್ನು ತಾವೇ ಇಟ್ಟುಕೊಳ್ಳುತ್ತಾರೆ ಎಂಬುದು ನನ್ನ ದೂರು. ಆ ತಾರೀಖನ್ನೂ ಬ್ಯಾಚ್ ಸಂಖ್ಯೆಯನ್ನೂ ದೂರಿನ ನಮೂನೆಯ ಏಳನೇ ಕಾಲಮಿನಲ್ಲಿ ತುಂಬಿಲ್ಲ ಎಂಬುದು ನಿಮ್ಮ ಆಕ್ಷೇಪ. ಪರ್ಸು ಕಳುವಾಯಿತೆಂದು ಹೋದವನಿಗೆ, ಮೊದಲು ಆ ಪರ್ಸು ತಂದು ತೋರಿಸು ಅಂದ ಹಾಗಾಯಿತು. ನಿಮ್ಮ ಗುಮಾಸ್ತರು ಇದನ್ನು ಅರ್ಥವಾಗದೆ ಬರೆದರೋ, ಚೆನ್ನಾಗಿ ಅರ್ಥವಾಗಿಯೇ ಬರೆದರೋ?

ನಾನು ಟೇಲರ್. ನನ್ನ ತಂಗಿ ನನ್ನ ಜೊತೆಗೇ ಕೆಲಸ ಮಾಡುತ್ತಾಳೆ. ಗುಂಡಿ ಹಚ್ಚುವುದು, ಇಸ್ತ್ರಿ ಮಾಡುವುದು ಅವಳ ಪಾಲು. ಅವಳಿಗೆ ಚಿಕ್ಕಂದಿನಿಂದ ಫಿಟ್ಸ್ ಇದೆ. ದಿನಕ್ಕೊಂದು ಮಾತ್ರೆ ತಪ್ಪದೆ ನುಂಗಿ ಮೂರು ವರ್ಷ ಒಮ್ಮೆಯೂ ಬೀಳದೆ ಇದ್ದಳು. ಆಗಿನ ಡಾಕ್ಟರು ತಿಂಗಳಿಗೆ ಮೂರು ಪೂರ್ತಿ ಶೀಟು ಬರೆದುಕೊಡುತ್ತಿದ್ದರು. ಈಚೆಗೆ ಬಂದ ಹೊಸ ಡಾಕ್ಟರು ಎರಡು ವಾರಕ್ಕಷ್ಟೇ ಬರೆಯತೊಡಗಿದರು. ಅಂದರೆ ಹತ್ತು ಮಾತ್ರೆಯ ಒಂದು ಪೂರ್ತಿ ಶೀಟು, ಮೇಲೆ ನಾಲ್ಕು ಕತ್ತರಿಸಿದ ಮಾತ್ರೆ. ಮೊದಲ ಸರದಿಯ ಹನ್ನೆರಡನೇ ದಿನ ಬಿದ್ದಳು. ಎರಡನೇ ಸರದಿಯಲ್ಲಿ ಹದಿಮೂರನೇ ದಿನ, ಇಸ್ತ್ರಿಪೆಟ್ಟಿಗೆ ಕೈಯಲ್ಲಿರುವಾಗಲೇ. ಮುಂಗೈ ಪೂರ್ತಿ ಸುಟ್ಟಿತು.

ಅನುಮಾನ ನನ್ನ ಹುಟ್ಟುಗುಣ. ಆದರೆ ಅದು ಮೊದಲು ಹೋದದ್ದು ಅಂಗಡಿಯ ಮೇಲಲ್ಲ, ತಂಗಿಯ ಮೇಲೆ. ಮಾತ್ರೆ ತಪ್ಪಿಸಿದ್ದಾಳೆ ಎಂದು ಡಾಕ್ಟರು ಅಂದರು, ನಾನೂ ಹೌದೆಂದು ತಲೆಯಾಡಿಸಿ ಮನೆಗೆ ಬಂದು ಬಾಯಿಗೆ ಬಂದಂತೆ ಬೈದೆ. ಅವಳು ಸುಟ್ಟ ಕೈಯಲ್ಲೇ ಮಾತ್ರೆ ಡಬ್ಬಿಯನ್ನು ನನ್ನ ಮುಂದೆ ಸುರಿದಳು.

“ಎಣಿಸಿಕೋ ಅಣ್ಣ. ಒಂದೂ ಬಿಟ್ಟಿಲ್ಲ ನಾನು. ಡಾಕ್ಟ್ರು ನಂಬದಿದ್ರೆ ಬಿಡು, ನೀನೂ ನಂಬಲ್ವಾ?”

ಒಂದೂ ಬಿಟ್ಟಿರಲಿಲ್ಲ. ಆ ನಾಚಿಕೆ ಇನ್ನೂ ಹೋಗಿಲ್ಲ. ಆದರೆ ಸುರಿದ ಖಾಲಿ ಶೀಟುಗಳಲ್ಲಿ ಪೂರ್ತಿಯವಕ್ಕೆಲ್ಲ ತಾರೀಖಿತ್ತು, ತುಂಡುಗಳಲ್ಲಿ ಒಂದಕ್ಕೂ ಇರಲಿಲ್ಲ. ಅದನ್ನೇ ಹಿಡಿದು ನಿಮಗೆ ಬರೆದೆ.

ಈಗ ನಡೆಯುತ್ತಿರುವುದು ಮೂರನೇ ಸರದಿ. ಈ ಸಲ ಕೊಟ್ಟ ನಾಲ್ಕು ಮಾತ್ರೆ ಎರಡೆರಡರ ಎರಡು ತುಂಡು. ನಲವತ್ತು ವರ್ಷ ಕತ್ತರಿ ಹಿಡಿದವನು ನಾನು. ಕತ್ತರಿಸಿದ ಅಂಚು ನನಗೆ ಸುಳ್ಳು ಹೇಳುವುದಿಲ್ಲ. ಒಂದೇ ಶೀಟಿನವಾದರೆ ಅಂಚಿಗೆ ಅಂಚು ಕೂಡಬೇಕಿತ್ತು. ಕೂಡಲಿಲ್ಲ. ಒಂದರ ಹಾಳೆ ಹೊಳೆಯುತ್ತದೆ, ಇನ್ನೊಂದರದು ಮಂಕಾಗಿದೆ. ಹಳೆಯದೋ, ಬಿಸಿಲಿಗೆ ಬೆಂದದ್ದೋ, ಎಲ್ಲಿಂದ ಬಂದದ್ದೋ? ತಾರೀಖು ತೋರಿಸಿ ಎಂದು ಕೇಳಿದರೆ ಅಂಗಡಿಯವರು ನಕ್ಕರು.

“ನುಂಗೋದು ಮಾತ್ರೇನಾ, ತಾರೀಖನ್ನಾ ಟೇಲರೇ?”

ಹಾಗಾದರೆ ಎರಡು ಪೂರ್ತಿ ಶೀಟೇ ಕೊಡಿ ಅಂದೆ. ಚೀಟಿಯಲ್ಲಿ ಹದಿನಾಲ್ಕಿದೆ, ಹದಿನೈದನೆಯದು ಕೊಟ್ಟರೂ ನಿಯಮ ಮುರಿದಂತೆ ಎಂದರು. ನಿಯಮದ ಮೇಲೆ ಅವರಿಗಿರುವ ಭಕ್ತಿ ಕಂಡು ಕೈ ಮುಗಿಯಬೇಕೆನಿಸಿತು. ಅವರ ತಲೆಯ ಮೇಲೆ, ಕಟ್ಟು ಹಾಕಿಸಿದ ನಿಮ್ಮ ಪ್ರಮಾಣಪತ್ರ ತೂಗುತ್ತಿತ್ತು: ಗುಣಮಟ್ಟ ಮತ್ತು ಸುರಕ್ಷತೆ ತೃಪ್ತಿಕರ. ಇಡೀ ಅಂಗಡಿಯಲ್ಲಿ ತಾರೀಖು ಸ್ಪಷ್ಟವಾಗಿ ಕಾಣುವ ವಸ್ತು ಅದೊಂದೇ.

ಇನ್ನೊಂದು ಸಣ್ಣ ಸಂಶಯ, ಸ್ವಾಮಿ. ನಿಮ್ಮ ಪತ್ರ ನನ್ನ ಕೈ ಸೇರುವ ಎರಡು ದಿನ ಮೊದಲೇ ಅಂಗಡಿಯವರು, ಕಂಪ್ಲೇಂಟ್ ಬರೆದಿದ್ದೀರಂತೆ ಎಂದು ನನ್ನನ್ನು ವಿಚಾರಿಸಿಕೊಂಡರು. ನಾನು ಯಾರಿಗೂ ಹೇಳಿರಲಿಲ್ಲ, ತಂಗಿಗೂ ಸಹ. ಹಾಗಾದರೆ ಹೇಳಿದವರು ಯಾರು? ಮತ್ತೆ, ಕತ್ತರಿಸಿ ಉಳಿದ ತಾರೀಖಿನ ತುದಿಗಳೆಲ್ಲ ಕೊನೆಗೆ ಯಾರ ಪಾಲಿಗೆ ಹೋಗುತ್ತವೆ? ಅಕ್ಕಪಕ್ಕದ ಏಳು ಮನೆಗಳಲ್ಲಿ ಕೇಳಿದೆ, ಒಬ್ಬರಿಗೂ ಬಂದಿಲ್ಲ.

ನನ್ನ ಬೇಡಿಕೆ ದೊಡ್ಡದೇನಲ್ಲ. ತಾವು ಮುನ್ಸೂಚನೆ ಕೊಡದೆ, ಗುರುತಿನ ಚೀಟಿ ಜೇಬಿನಲ್ಲೇ ಇಟ್ಟುಕೊಂಡು ಆ ಅಂಗಡಿಗೆ ಬನ್ನಿ. ಯಾವುದಾದರೂ ನಾಲ್ಕು ಮಾತ್ರೆ ಕೇಳಿ, ಆಮೇಲೆ ಅದರ ತಾರೀಖು ಕೇಳಿ. ಉತ್ತರ ಸಿಕ್ಕ ಮೇಲೆ, ಅವರು ತುಂಡುಗಳನ್ನು ತೆಗೆದುಕೊಡುವ ಕೌಂಟರಿನ ಕೆಳಗಿನ ಖಾನೆ ತೆಗೆಸಿ. ತಾರೀಖಿಲ್ಲದ ತುಂಡನ್ನು ಯಾರಿಗೂ ಕೊಡಕೂಡದೆಂದು ಆದೇಶ ಹೊರಡಿಸಿ, ಅದನ್ನೂ ಕಟ್ಟು ಹಾಕಿಸಿ ತೂಗುಹಾಕಿ.

ಬೇಗ ಬನ್ನಿ. ಇಂದು ಹತ್ತನೇ ದಿನ, ಪೂರ್ತಿ ಶೀಟು ಬೆಳಿಗ್ಗೆ ಮುಗಿಯಿತು. ಬಳಸದೆ ಉಳಿದ ಮಾತ್ರೆಗಳನ್ನು ಪರೀಕ್ಷೆಗೆ ಲಗತ್ತಿಸತಕ್ಕದ್ದು ಎಂದು ನಿಮ್ಮ ಪತ್ರ ಹೇಳುತ್ತದೆ. ಒಂದು ದಿನವೂ ತಪ್ಪಿಸಕೂಡದು ಎಂದು ಡಾಕ್ಟರು ಹೇಳುತ್ತಾರೆ. ಹದಿನಾಲ್ಕು ದಿನ ತುಂಬುವವರೆಗೆ ಬೇರೆ ಕೊಡುವುದಿಲ್ಲ ಎಂದು ಅಂಗಡಿಯವರು ಹೇಳುತ್ತಾರೆ, ಊರಿಗೆಲ್ಲ ಈ ಮಾತ್ರೆ ಸಿಗುವುದು ಅಲ್ಲೊಂದೇ. ನಾಲ್ಕೂ ನನ್ನ ಮುಂದಿವೆ. ನಾಳೆ ಬೆಳಿಗ್ಗೆ ಮೊದಲನೆಯದನ್ನು ನಿಮ್ಮ ಲಕೋಟೆಗೆ ಹಾಕಲೋ, ತಂಗಿಯ ಕೈಗೆ ಕೊಡಲೋ, ತಾವೇ ಅಪ್ಪಣೆ ಮಾಡಬೇಕು.

ಇಂತಿ,
ಇಸ್ತ್ರಿಪೆಟ್ಟಿಗೆಯನ್ನು ಅಟ್ಟಕ್ಕೇರಿಸಿ, ಹೊಲಿಗೆ ಯಂತ್ರವನ್ನು ತಂಗಿಯ ಮಂಚದ ಪಕ್ಕಕ್ಕೆ ಎಳೆದುಕೊಂಡು ಕೂತಿರುವ
ಒಬ್ಬ ಟೇಲರ್